ಇಳಿಯಲೊಂದು ಬಯಲು

ಕುರುಕುಮಾರರ ವಿದ್ಯಾಭ್ಯಾಸ ಮುಗಿದು, ಅವರು ಕಲಿತುದನ್ನು ಹಸ್ತಿನಾಪುರದ ಜನರೆದುರು ತೋರಿಸಬೇಕಾಗಿ ಬಂದಾಗ ದ್ರೋಣಾಚಾರ್ಯರು ಮಾಡಿದ ಮೊದಲ ಕೆಲಸ ಯಾವುದೆಂಬುದನ್ನು ಮಹಾಭಾರತ ಓದಿದವರೂ ಮರೆತಿರುತ್ತಾರೆ. ಅರ್ಜುನನ ಅಸ್ತ್ರಕೌಶಲ ನೆನಪಿರುತ್ತದೆ. ಕರ್ಣನ ಪ್ರವೇಶವಂತೂ ಮರೆಯುವಂಥದಲ್ಲ. ಆದರೆ ಇವೆಲ್ಲಕ್ಕೂ ಮುಂಚೆ, ಆದಿಪರ್ವದಲ್ಲಿ, ಆಚಾರ್ಯರು ನೆಲವನ್ನು ಅಳೆಯುತ್ತಾರೆ. ಸಮತಟ್ಟಾದ, ಮರವಿಲ್ಲದ, ಪೊದೆಯಿಲ್ಲದ, ಉತ್ತರಕ್ಕೆ ಇಳಿಜಾರಾದ ನೆಲ. ಅಸ್ತ್ರವಿದ್ಯೆಯ ಗುರುವಿಗೆ ನೆಲದ ವಿದ್ಯೆಯೂ ತಿಳಿದಿರಬೇಕೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಕಿಲ್ಲ. ಆ ನೆಲದಲ್ಲಿ ಹಿಂದಿನ ದಿನದವರೆಗೆ ಯಾರ ದನ ಮೇಯುತ್ತಿದ್ದವೆಂಬುದನ್ನು ಮಾತ್ರ ವ್ಯಾಸರು ಹೇಳಿಲ್ಲ.

ಈ ವಾರ ವಾಚಕರನ್ನು ಸ್ವಲ್ಪ ಅಪರೂಪದ ವಿಷಯದತ್ತ ಕರೆದೊಯ್ಯಬೇಕೆಂದಿದ್ದೇನೆ. ಆಕಾಶದಿಂದ ಇಳಿಯುವ ಸೈನಿಕರಿಗೆ, ಎಂದರೆ ನಮ್ಮ ಛತ್ರಿಪಡೆಯವರಿಗೆ, ಭೂಮಿಯ ಮೇಲೆ ಎಷ್ಟು ಜಾಗ ಬೇಕು? ಅದನ್ನು ಎಲ್ಲಿಂದ ತರಬೇಕು? ಕನ್ನಡ ಅಧ್ಯಾಪಕನಿಗೆ ಈ ಉಸಾಬರಿ ಏಕೆಂದು ಕೇಳುವವರಿದ್ದಾರೆ. ನಾನು ವಾಸವಾಗಿರುವ ಹೊರಮಾವಿನಿಂದ ಕೆಲವೇ ಮೈಲಿಗಳ ದೂರದಲ್ಲಿ, ಜೆ.ಸಿ. ನಗರದ ಬಳಿ, ಭಾರತದ ಪ್ಯಾರಾಷೂಟ್ ರೆಜಿಮೆಂಟಿನ ತರಬೇತಿ ಕೇಂದ್ರವಿದೆ. ಅದರ ಕಾಂಪೌಂಡಿನ ಪಕ್ಕದಲ್ಲಿ ದಿನವೂ ಸಾವಿರಾರು ಜನ ಬಸ್ಸಿನಲ್ಲಿ, ಸ್ಕೂಟರಿನಲ್ಲಿ ಹಾದುಹೋಗುತ್ತಾರೆ. ಒಳಗೆ ನಡೆಯುವ ವಿದ್ಯೆ ಎಂಥದೆಂದು ಯೋಚಿಸುವವರು ವಿರಳ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದುದು 1941ರಲ್ಲಿ. ಆ ವರ್ಷದ ಅಕ್ಟೋಬರಿನಲ್ಲಿ ದೆಹಲಿಯಲ್ಲಿ 50ನೆಯ ಭಾರತೀಯ ಪ್ಯಾರಾಷೂಟ್ ಬ್ರಿಗೇಡು ಹುಟ್ಟಿತು. ವಿಮಾನದಿಂದ ಧುಮುಕಿದ ಮೊದಲ ಭಾರತೀಯ ಸೈನಿಕರಲ್ಲಿ ಒಬ್ಬರು ವೈದ್ಯರೆಂಬುದು ಸ್ವಾರಸ್ಯದ ಸಂಗತಿ: ಎ. ಜಿ. ರಂಗರಾಜ್. ಅವರೊಡನೆ ಹೆಸರು ಪಡೆದವರು ಹವಾಲ್ದಾರ್ ಮೇಜರ್ ಮಥುರಾ ಸಿಂಗ್. ಹತ್ತು ವರ್ಷಗಳ ತರುವಾಯ, 1951ರ ಮಾರ್ಚಿನಲ್ಲಿ, ಕೊರಿಯಾದ ಮುನ್ಸಾನ್ ಎಂಬಲ್ಲಿ ಅಮೆರಿಕನ್ನರೊಡನೆ ಇಳಿದ ನಮ್ಮ ವೈದ್ಯದಳದ ಮುಖಂಡರೂ ಇದೇ ರಂಗರಾಜರು. ಗಾಯಾಳುಗಳ ಬಳಿಗೆ ವೈದ್ಯನೇ ಆಕಾಶದಿಂದ ಇಳಿದುಬಂದ ಆ ಪ್ರಸಂಗವನ್ನು ಇನ್ನೊಂದು ವಾರ ವಿಸ್ತಾರವಾಗಿ ಬರೆಯಬೇಕು. 1952ರಲ್ಲಿ ಬೇರೆಬೇರೆ ರೆಜಿಮೆಂಟುಗಳಿಗೆ ಸೇರಿದ್ದ ಮೂರು ಛತ್ರಿದಳಗಳನ್ನು ಕೂಡಿಸಿ ಪ್ಯಾರಾಷೂಟ್ ರೆಜಿಮೆಂಟ್ ಎಂದು ಕರೆದರು. ಅದರ ತರಬೇತಿ ಕೇಂದ್ರವು ಆಗ್ರಾದಿಂದ ನಮ್ಮ ಬೆಂಗಳೂರಿಗೆ ಬಂದುದು 1992ರಲ್ಲಿ.

ಹೀಗೆ ಕೇಂದ್ರ ಇಲ್ಲಿಗೆ ಬಂದರೂ ಹಾರುವ ಶಾಲೆ ಆಗ್ರಾದಲ್ಲಿಯೇ ಉಳಿದಿದೆ. ಸಿಪಾಯಿಯಾಗಿ ಸೇರಿದ ಹುಡುಗನಿಗೆ ಕವಾಯತು, ಬಂದೂಕು, ಓಟ, ಶಿಸ್ತು ಮೊದಲಾದ ಮೂಲಶಿಕ್ಷಣ ಬೆಂಗಳೂರಿನಲ್ಲಿ. ವಿಮಾನದ ಬಾಗಿಲಿನಿಂದ ಹೊರಕ್ಕೆ ಕಾಲಿಡುವ ಶಿಕ್ಷಣ ಆಗ್ರಾದಲ್ಲಿ. ಅಲ್ಲಿ ಐದು ಸಲ ಧುಮುಕಬೇಕು, ಅದರಲ್ಲಿ ಒಂದು ರಾತ್ರಿಯ ವೇಳೆ. ಆಮೇಲೆಯೇ ಎದೆಯ ಮೇಲೆ ರೆಕ್ಕೆಯ ಪದಕ. ಕ್ರಿಕೆಟ್ ಆಟಗಾರ ಧೋನಿಯವರು 2015ರಲ್ಲಿ ಐದು ಸಲ ಧುಮುಕಿ ರೆಕ್ಕೆ ಪಡೆದುದೂ ಅಲ್ಲಿಯೇ. ಅವರು ಗೌರವ ಪದವಿ ಪಡೆದಿರುವುದು ಈ ರೆಜಿಮೆಂಟಿನ ಪ್ರಾದೇಶಿಕ ಸೇನಾದಳದಲ್ಲಿ. ನನ್ನ ವಿದ್ಯಾರ್ಥಿಗಳಿಗೆ ಈ ಒಂದು ಸಂಗತಿ ಮಾತ್ರ ಚೆನ್ನಾಗಿ ಗೊತ್ತಿದೆ. ರಂಗರಾಜರ ಹೆಸರನ್ನು ತರಗತಿಯಲ್ಲಿ ಹೇಳಿದಾಗ ಮೌನ.

ಕೇಂದ್ರ ಒಂದು ಕಡೆ, ಹಾರುವ ಬಯಲು ಒಂದು ಕಡೆ ಏಕೆ ಇರಬೇಕು? ನಮ್ಮ ಬೀದಿಯಲ್ಲಿ ನಿವೃತ್ತ ಸುಬೇದಾರರೊಬ್ಬರಿದ್ದಾರೆ. ಸಂಜೆಯ ಹೊತ್ತು ಅವರೊಡನೆ ಕಲ್ಕೆರೆಯ ಕಡೆಗೆ ಒಂದು ಸುತ್ತು ಹೋಗಿಬರುವ ಅಭ್ಯಾಸ ನನಗಿದೆ. ಅವರನ್ನೇ ಕೇಳಿದೆ.

“ಮೇಷ್ಟ್ರೇ, ನೀವು ಈ ಹೊರಮಾವನ್ನು ಒಂದು ಸಲ ಮೇಲಿನಿಂದ ನೋಡಿದ್ದೀರಾ?” ಎಂದು ಅವರು ನನ್ನನ್ನೇ ಪ್ರಶ್ನಿಸಿದರು. ಇಲ್ಲವೆಂದೆ. “ನೋಡಬೇಕು. ನೆಲದ ಮೇಲೆ ನಿಂತವನಿಗೆ ಕಾಣುವುದು ಮನೆ. ಬಾಗಿಲಲ್ಲಿ ನಿಂತವನಿಗೆ ಕಾಣುವುದು ತಂತಿ, ನೀರು, ಮರ, ರೈಲು ಹಳಿ, ಬಾವಿ. ಈ ಐದೂ ಇಲ್ಲದ ಜಾಗವನ್ನು ನೀವು ತೋರಿಸಿ, ನಾನು ಈ ವಯಸ್ಸಿನಲ್ಲೂ ಹಾರುತ್ತೇನೆ.”

ಸುಬೇದಾರರ ಮಾತಿನಲ್ಲಿ ಎಷ್ಟು ಗಣಿತ ಅಡಗಿದೆಯೆಂಬುದು ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದು ಕುಳಿತ ಮೇಲೆ ತಿಳಿಯಿತು. ವಿಮಾನವು ಗಂಟೆಗೆ 200 ಕಿಲೋಮೀಟರು ವೇಗದಲ್ಲಿ ಹೋಗುತ್ತಿದೆಯೆಂದು ಇಟ್ಟುಕೊಳ್ಳೋಣ. ಎಂದರೆ ಸೆಕೆಂಡಿಗೆ ಸುಮಾರು 55 ಮೀಟರು. ಇಪ್ಪತ್ತು ಮಂದಿ, ಒಬ್ಬನ ಹಿಂದೆ ಒಬ್ಬ, ಸೆಕೆಂಡಿಗೊಬ್ಬರಂತೆ ಹೊರಬಿದ್ದರೆ ಮೊದಲನೆಯವನಿಗೂ ಕೊನೆಯವನಿಗೂ ನಡುವೆ ಒಂದು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ಅಂತರ ಬೀಳುತ್ತದೆ. ಮೊದಲನೆಯವನು ಹೊರಮಾವಿನ ರೈಲು ಹಳಿಯ ಮೇಲೆ ಹೊರಟರೆ ಇಪ್ಪತ್ತನೆಯವನು ಕಲ್ಕೆರೆಯ ದಾರಿಯಲ್ಲಿ ಎಲ್ಲೋ ಇರುತ್ತಾನೆ. ಇದು ಯಾರೂ ಬಾಗಿಲಲ್ಲಿ ಅರೆಕ್ಷಣ ತಡೆಯದಿದ್ದಾಗಿನ ಲೆಕ್ಕ. ಮೊದಲ ಸಲ ಬಾಗಿಲಿಗೆ ಬಂದ ಹುಡುಗ ಅರೆಕ್ಷಣ ತಡೆಯದೆ ಇರುತ್ತಾನೆಯೆ?

ಇನ್ನು ಗಾಳಿ. ತರಬೇತಿಯಲ್ಲಿ ಸುಮಾರು 1,250 ಅಡಿ ಎತ್ತರದಿಂದ, ಎಂದರೆ 380 ಮೀಟರುಗಳಿಂದ, ಬಿಡುತ್ತಾರೆ. ಛತ್ರಿ ಬಿಚ್ಚಿಕೊಂಡವನು ಸೆಕೆಂಡಿಗೆ ಐದು ಮೀಟರಿನಂತೆ ಇಳಿದನೆಂದರೆ ನೆಲ ಮುಟ್ಟಲು ಒಂದೂಕಾಲು ನಿಮಿಷ. ಆ ಒಂದೂಕಾಲು ನಿಮಿಷವೂ ಗಾಳಿ ಅವನನ್ನು ತಳ್ಳುತ್ತಲೇ ಇರುತ್ತದೆ. ಸೆಕೆಂಡಿಗೆ ಐದು ಮೀಟರಿನ ಗಾಳಿ, ಎಂದರೆ ಒಣಗಹಾಕಿದ ಪಂಚೆ ಚೆನ್ನಾಗಿ ಹಾರಾಡುವಷ್ಟು ಗಾಳಿ, ಅವನನ್ನು ಸುಮಾರು 380 ಮೀಟರು ಪಕ್ಕಕ್ಕೆ ಒಯ್ದಿರುತ್ತದೆ. ಹಾಗೆ ಬಂದ ಗಾಳಿ ಇಂದು ಪೂರ್ವದಿಂದ, ನಾಳೆ ಪಶ್ಚಿಮದಿಂದ. ಆದುದರಿಂದ ಎರಡು ಮಗ್ಗುಲಿಗೂ ಜಾಗ ಬಿಡಬೇಕು. ಉದ್ದ ಎರಡು ಕಿಲೋಮೀಟರು, ಅಗಲ ಒಂದು ಎಂದು ಜಿಪುಣತನದಿಂದ ಲೆಕ್ಕ ಹಾಕಿದರೂ ಐನೂರು ಎಕರೆಯ ಹತ್ತಿರ ಬರುತ್ತದೆ. ಅಷ್ಟೂ ಜಾಗದಲ್ಲಿ ಒಂದು ವಿದ್ಯುತ್ ಕಂಬವಿರಬಾರದು, ಒಂದು ಹಾಳು ಬಾವಿ ಇರಬಾರದು.

ನೆಲ ಸರಿಯಿಲ್ಲದಿದ್ದರೆ ಏನಾಗುತ್ತದೆಯೆಂಬುದಕ್ಕೆ ಯುದ್ಧದ ಚರಿತ್ರೆಯಲ್ಲಿ ನಿದರ್ಶನಗಳಿಗೆ ಕೊರತೆಯಿಲ್ಲ. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ಆರ್ನೆಮ್ ಸೇತುವೆಯನ್ನು ಹಿಡಿಯಲು ಹೋದ ಬ್ರಿಟಿಷ್ ಛತ್ರಿಪಡೆಗೆ ಸೇತುವೆಯ ಹತ್ತಿರ ಇಳಿಯಲು ತಕ್ಕ ಬಯಲಿಲ್ಲವೆಂದು ತೀರ್ಮಾನಿಸಿ ಅನೇಕ ಮೈಲಿ ದೂರದಲ್ಲಿ ಇಳಿಸಿದರು. ಅಲ್ಲಿಂದ ನಡೆದು ಬರುವಷ್ಟರಲ್ಲಿ ಶತ್ರು ಎಚ್ಚೆತ್ತುಕೊಂಡಿದ್ದ. ನಮ್ಮವರೇ 1971ರ ಡಿಸೆಂಬರ್ 11ರಂದು ಈಗಿನ ಬಾಂಗ್ಲಾದೇಶದ ಟಂಗೈಲಿನಲ್ಲಿ ಇಳಿದುದು ಕೆರೆಕುಂಟೆಗಳ ನಾಡಿನಲ್ಲಿ. ಲೆಫ್ಟಿನೆಂಟ್ ಕರ್ನಲ್ ಪನ್ನು ಅವರ ದಳ ಪೂಂಗ್ಲಿ ಸೇತುವೆಯನ್ನು ಹಿಡಿದೇ ಹಿಡಿಯಿತು. ಚದುರಿ ಬಿದ್ದವರು ಕತ್ತಲಿನಲ್ಲಿ ಒಂದುಗೂಡುವ ಅಭ್ಯಾಸ ಅವರಿಗೆ ಇಲ್ಲದಿದ್ದರೆ ಆ ಕೆಲಸ ಆಗುತ್ತಿರಲಿಲ್ಲ. ಅಂಥ ಅಭ್ಯಾಸಕ್ಕೆ ಬಯಲು ಬೇಕು. ಈ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯಲಿರುವುದನ್ನು ಓದಿ ನಾನು ಸೈನ್ಯಕ್ಕೆ ಜಾಗ ಕೊಡಬಾರದೆನ್ನುವವರ ಗುಂಪಿಗೆ ಸೇರಿದವನೆಂದು ಯಾರೂ ಭಾವಿಸಬಾರದು.

ಕಟ್ಟಡಗಳ ಮಾತು ಹೇಳಿ ಮುಗಿಸಬಹುದು. ಅವು ಊರಿನೊಳಗೂ ಹಿಡಿಯುತ್ತವೆ. ಕಾಲು ಜೋಡಿಸಿ ಉರುಳುವುದನ್ನು ಕಲಿಯಲು ಮರಳಿನ ಗುಂಡಿ, ವಿಮಾನದ ಒಡಲಿನಂತೆ ಕಟ್ಟಿ ನೆಲದ ಮೇಲೆ ನಿಲ್ಲಿಸಿದ ಚೌಕಟ್ಟು, ತೂಗುಹಾಕಿದ ಪಟ್ಟಿಗಳು, ಎತ್ತರದ ಗೋಪುರ. ಛತ್ರಿಯ ಮನೆ ಮಾತ್ರ ವಿಶೇಷವಾದುದು. ಛತ್ರಿಯನ್ನು ಉದ್ದಕ್ಕೆ ಹಾಸಿ ಮಡಿಸಲು ಉದ್ದನೆಯ ಮೇಜುಗಳು ಬೇಕು. ಒದ್ದೆಯಾದುದನ್ನು ನೇತುಹಾಕಿ ಒಣಗಿಸಲು ಎತ್ತರದ ಕೊಠಡಿ ಬೇಕು. ತೇವ, ಇಲಿ, ಹುಳು ಯಾವುದೂ ಸುಳಿಯಬಾರದು. ಈಗ ನೈಲಾನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರೇಷ್ಮೆಯದು ಬಳಕೆಯಲ್ಲಿದ್ದಾಗ ನಮ್ಮ ಮೈಸೂರು ಸೀಮೆಯ ರೇಷ್ಮೆಗೆ ಇದರಿಂದಲೇ ಗಿರಾಕಿ ಹೆಚ್ಚಿತ್ತು. ಮದುವೆಯ ಸೀರೆಗೆ ಹೋಗಬೇಕಾದ ನೂಲು ಸಿಪಾಯಿಯ ಬೆನ್ನೇರಿತು.

ಕಟ್ಟಡಕ್ಕಿಂತಲೂ, ಇಳಿಯುವ ಬಯಲಿಗಿಂತಲೂ ಕಷ್ಟದ ಮಾತು ಗುಂಡು ಹಾರಿಸುವ ರೇಂಜಿನದು. ಆಕಾಶದಿಂದ ಇಳಿದವನು ಇಳಿದ ಮೇಲೆ ಕಾಲಾಳೇ. ಬಂದೂಕು, ಮೆಷಿನ್‌ಗನ್, ಮಾರ್ಟರ್ ಎಲ್ಲವನ್ನೂ ಅವನು ಅಭ್ಯಾಸ ಮಾಡಬೇಕು. ಬಂದೂಕಿನ ಗುರಿ 300 ಮೀಟರಿನಲ್ಲಿರುತ್ತದೆ; ಆದುದರಿಂದ 300 ಮೀಟರು ಜಾಗವಿದ್ದರೆ ಸಾಕೆಂದು ನಮ್ಮಂಥವರು ಭಾವಿಸುತ್ತೇವೆ. ಆದರೆ ಗುರಿ ತಪ್ಪಿದ ಗುಂಡಿಗೆ ಆ ಅಳತೆ ತಿಳಿಯದು. ಅದು ಎರಡು ಮೂರು ಕಿಲೋಮೀಟರು ಹೋಗಿ ಬೀಳಬಲ್ಲುದು. ಕಲ್ಲಿಗೆ ತಾಗಿದರೆ ಎತ್ತ ತಿರುಗುವುದೋ ಬಲ್ಲವರಿಲ್ಲ. ಆದುದರಿಂದ ಗುರಿಯ ಹಿಂದೆ ಮಣ್ಣಿನ ದಿಬ್ಬ, ಅದರ ಹಿಂದೆ ಬೀಸಣಿಗೆಯ ಆಕಾರದಲ್ಲಿ ಅಗಲವಾಗುತ್ತ ಹೋಗುವ ಅಪಾಯದ ಪ್ರದೇಶ. ಹಿಂದೆ ಒಂದು ಗುಡ್ಡವಿದ್ದರೆ ಪುಣ್ಯ, ಗುಡ್ಡವೇ ದಿಬ್ಬ. ಮಾರ್ಟರಿಗೆ ಇಷ್ಟೂ ಸಾಲದು. ಅದರ ಸಿಡಿಗುಂಡು ಐದು ಕಿಲೋಮೀಟರಿನಾಚೆಗೂ ಹೋಗುತ್ತದೆ. ಸಿಡಿಯದೆ ಮಣ್ಣಿನಲ್ಲಿ ಹುದುಗಿ ಉಳಿದ ಗುಂಡು ಹತ್ತು ವರ್ಷಗಳ ತರುವಾಯವೂ ಜೀವಂತ. ಹಿತ್ತಾಳೆ, ಕಬ್ಬಿಣ ಆಯ್ದು ಗುಜರಿಗೆ ಮಾರಿ ಹೊಟ್ಟೆ ಹೊರೆಯುವವರು ಅದನ್ನು ಮುಟ್ಟಿದ ಕಥೆಗಳು ಪತ್ರಿಕೆಗಳಲ್ಲಿ ಒಂದಂಗುಲದ ಸುದ್ದಿಯಾಗಿ ಬರುತ್ತವೆ.

ರೇಂಜಿನ ಬೇಲಿ ಎಲ್ಲಿ ಮುಗಿಯುತ್ತದೆಯೋ ರೇಂಜು ಅಲ್ಲಿ ಮುಗಿಯುವುದಿಲ್ಲವೆಂಬುದು ಇದರ ಅರ್ಥ. ಬೇಲಿಯ ಹೊರಗಿನ ಶೂನ್ಯವೂ ಅದರ ಅಂಗವೇ. ಊರು ಆ ಶೂನ್ಯದೊಳಕ್ಕೆ ಕಾಲಿಟ್ಟ ದಿನ, ಒಳಗಿನ ಒಂದಂಗುಲವೂ ಒತ್ತುವರಿಯಾಗದಿದ್ದರೂ, ರೇಂಜು ಸತ್ತಂತೆ.

ಬೆಂಗಳೂರಿಗೆ ಇದು ಹಳೆಯ ಕಥೆ. ಶ್ರೀರಂಗಪಟ್ಟಣದಲ್ಲಿದ್ದ ಬ್ರಿಟಿಷ್ ದಂಡು ಇಲ್ಲಿಗೆ ಬಂದು, 1809ರ ಸುಮಾರಿಗೆ ಹಲಸೂರಿನ ಬಳಿ ಬೀಡುಬಿಟ್ಟಾಗ ಪೇಟೆಗೂ ದಂಡಿಗೂ ನಡುವೆ ಬಯಲೇ ಬಯಲು. ದಂಡಿನ ಬೆನ್ನಿಗೇ ಅಂಗಡಿ, ಅಂಗಡಿಯ ಬೆನ್ನಿಗೆ ಬೀದಿ, ಬೀದಿಯ ಬೆನ್ನಿಗೆ ಬಡಾವಣೆ. ದೆಹಲಿಯಲ್ಲಿ 1941ರಲ್ಲಿ ಛತ್ರಿಪಡೆಯ ಮೊದಲ ಶಾಲೆ ನಡೆದ ವಿಲ್ಲಿಂಗ್ಡನ್ ವಿಮಾನ ನಿಲ್ದಾಣ, ಈಗಿನ ಸಫ್ದರ್‌ಜಂಗ್, ಇಂದು ನಗರದ ಹೊಟ್ಟೆಯೊಳಗಿದೆ. ಹೊರಮಾವಿನ ಹೆಸರನ್ನೇ ನೋಡಿ. ಕಿವಿಗೆ ಅದು ಊರ ಹೊರಗಿನ ಮಾವಿನ ತೋಪಿನಂತೆ ಕೇಳುತ್ತದೆ. ನಿಜವಾದ ನಿಷ್ಪತ್ತಿ ಏನೇ ಇರಲಿ, ‘ಹೊರ’ ಎನ್ನುವುದಕ್ಕೆ ಈಗ ಅರ್ಥವಿಲ್ಲ. ‘ಮಾವು’ ಎನ್ನುವುದಕ್ಕೂ ಅಷ್ಟೆ. ನೀರು ನಿಲ್ಲುವ ತಗ್ಗಿನಲ್ಲಿಯೂ ಮನೆಗಳೆದ್ದಿವೆ. 2025ರ ಮೇ ತಿಂಗಳ ಮಳೆಗೆ ಇಲ್ಲಿಯ ಸಾಯಿ ಲೇಔಟ್ ಮುಳುಗಿದಾಗ ಜನ ದೋಣಿಯಲ್ಲಿ ಹೊರಗೆ ಬಂದರು. ನಗರ ನಿರ್ಮಿಸುವವರು ದ್ರೋಣರಂತೆ ಇಳಿಜಾರು ಯಾವ ದಿಕ್ಕಿಗೆಂದು ಒಮ್ಮೆ ನೋಡಿದ್ದರೆ ಸಾಕಾಗಿತ್ತು.

ಹಾಗಾದರೆ ಬಯಲನ್ನು ದೂರದಲ್ಲಿ ಹುಡುಕೋಣ, ಜನವಿಲ್ಲದ ಖಾಲಿ ಜಾಗದಲ್ಲಿ ಎಂದು ಯಾರಾದರೂ ಹೇಳುತ್ತಾರೆ. ನನಗೆ ತಕರಾರಿರುವುದು ಈ ‘ಖಾಲಿ’ ಎಂಬ ಮಾತಿನ ಮೇಲೆ. ಕನ್ನಡದಲ್ಲಿ ಬೇಸಾಯವಿಲ್ಲದ ನೆಲಕ್ಕೆ ಎಷ್ಟು ಹೆಸರುಗಳಿವೆ! ಗೋಮಾಳ, ಕಾವಲು, ಹುಲ್ಲುಬನ್ನಿ, ಗುಂಡುತೋಪು, ಬೀಳು, ಕರಾಬು. ಒಂದೊಂದು ಹೆಸರೂ ಒಂದೊಂದು ಉಪಯೋಗವನ್ನು, ಒಬ್ಬೊಬ್ಬರ ಹಕ್ಕನ್ನು ಹೇಳುತ್ತದೆ. ನಕ್ಷೆ ಬರೆಯುವವನು ಇವೆಲ್ಲವನ್ನೂ ಒಂದೇ ಬಣ್ಣದಲ್ಲಿ ತುಂಬಿ ಖಾಲಿ ಎಂದು ಬರೆದರೆ ನೆಲ ಖಾಲಿಯಾಗುವುದಿಲ್ಲ, ನಿಘಂಟು ಖಾಲಿಯಾಗುತ್ತದೆ.

ಬಿಹಾರದಿಂದ ಬೇರೆಯಾದ ಝಾರ್ಖಂಡದ ನೇತರ್‌ಹಾಟಿನಲ್ಲಿ ಆದುದನ್ನು ನೋಡಬೇಕು. 1938ರ ಒಂದು ಕಾನೂನು ಇದೆ: ಸೈನ್ಯದ ಕವಾಯತು, ಬಯಲು ಗುಂಡುಹಾರಿಕೆ, ಫಿರಂಗಿ ಅಭ್ಯಾಸಗಳಿಗೆ ಪ್ರದೇಶ ಗೊತ್ತುಪಡಿಸುವುದು, ಜನರಿಗೆ ಮುಂಚಿತವಾಗಿ ತಿಳಿಸುವುದು, ನಷ್ಟವಾದರೆ ಪರಿಹಾರ ಕೊಡುವುದು ಅದರ ವಿಷಯ. ಆ ಕಾನೂನಿನ ಆಧಾರದಲ್ಲಿ 1964ರಿಂದ ಅಲ್ಲಿ ಫಿರಂಗಿ ಅಭ್ಯಾಸ ನಡೆಯುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ಪ್ರದೇಶವನ್ನು ಹಿಗ್ಗಿಸಿದಾಗ 245 ಹಳ್ಳಿಗಳು ಅದರೊಳಗೆ ಬಂದುವು. 1994ರ ಮಾರ್ಚಿನಲ್ಲಿ ಆದಿವಾಸಿ ಹೆಂಗಸರೂ ಗಂಡಸರೂ ದಾರಿಗೆ ಅಡ್ಡ ಕುಳಿತು ಸೈನ್ಯದ ಗಾಡಿಗಳನ್ನು ಹಿಂದಕ್ಕೆ ಕಳುಹಿಸಿದರು, ಅಭ್ಯಾಸ ನಿಂತಿತು. ಆದರೂ ಕಾಗದದ ಮೇಲೆ ಅಧಿಸೂಚನೆ ಉಳಿದೇ ಇತ್ತು. ಅದನ್ನು ಮುಂದುವರಿಸುವುದಿಲ್ಲವೆಂದು ರಾಜ್ಯ ಸರ್ಕಾರ ಹೇಳಿದುದು 2022ರಲ್ಲಿ. ಸೈನ್ಯಕ್ಕೆ ರೇಂಜು ಹೋಯಿತು. ಜನರಿಗೆ ಮೂವತ್ತು ವರ್ಷಗಳ ನೆಮ್ಮದಿ ಹೋಯಿತು. ಮೊದಲೇ ಕುಳಿತು ಮಾತನಾಡಿದ್ದರೆ ಎರಡರಲ್ಲಿ ಒಂದಾದರೂ ಉಳಿಯುತ್ತಿತ್ತೆಂದು ನನ್ನ ಎಣಿಕೆ.

ನಮ್ಮ ನಾಡಿನಲ್ಲಿಯೂ ಚಳ್ಳಕೆರೆ ಇದೆ. ಅಲ್ಲಿಯದು ಛತ್ರಿಪಡೆಯ ಬಯಲಲ್ಲ, ರಕ್ಷಣಾ ಸಂಶೋಧನೆಯವರ ವಿಮಾನ ಪರೀಕ್ಷೆಯ ರೇಂಜು, 2017ರಲ್ಲಿ ಪ್ರಾರಂಭವಾಯಿತು. ಚಾಲಕನಿಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ವರವು ಕಾವಲು, ಉಳ್ಳಾರ್ತಿ ಕಾವಲು, ಖುದಾಪುರ ಕಾವಲು ಮೊದಲಾದ ಕಡೆ ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಮಂದಿರ ಮುಂತಾದ ಸಂಸ್ಥೆಗಳಿಗೆ ಸೇರಿ ಹತ್ತಿರ ಹತ್ತಿರ ಹತ್ತು ಸಾವಿರ ಎಕರೆ ಹೋಯಿತು. ಗೋಡೆ ಎದ್ದ ಮೇಲೆ ಸುತ್ತಣ ಹಳ್ಳಿಗಳವರಿಗೆ ಸುದ್ದಿಯ ಪೂರ್ಣಾರ್ಥ ತಿಳಿಯಿತು. ಕುರಿ ಮೇಯಿಸಿ, ಉಣ್ಣೆ ಕತ್ತರಿಸಿ, ಕಂಬಳಿ ನೇಯುವ ಸೀಮೆ ಅದು. ಚಳ್ಳಕೆರೆಯ ಕಂಬಳಿಯನ್ನು ಬಲ್ಲವರಿಗೆ ಆ ಹುಲ್ಲು ಎಲ್ಲಿಗೆ ಹೋಗುತ್ತಿತ್ತೆಂದು ಹೇಳಬೇಕಾಗಿಲ್ಲ. ಪ್ರಕರಣ ಚೆನ್ನೈನ ಹಸಿರು ನ್ಯಾಯಪೀಠದವರೆಗೂ ಹೋಯಿತು.

ವಿಚಿತ್ರವೆಂದರೆ ಈ ಕಾವಲುಗಳು ಹುಟ್ಟಿದ್ದೇ ಸೈನ್ಯಕ್ಕಾಗಿ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯೇ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎನಿಸಿತು. ತೋಪು ಎಳೆಯುವ, ಸಾಮಾನು ಹೊರುವ ಎತ್ತುಗಳ ತಳಿ ಅದು. ಹೈದರನ ದಂಡು ಶತ್ರುವಿಗಿಂತ ಬೇಗ ಸಾಗುತ್ತಿದ್ದುದು ಈ ಎತ್ತುಗಳ ಬಲದಿಂದಲೇ ಎಂದು ಇಂಗ್ಲಿಷರೇ ಹೊಗಳಿದ್ದಾರೆ. ಅವುಗಳ ಮೇವಿಗಾಗಿ ಮೈಸೂರು ದೇಶದ ಉದ್ದಗಲಕ್ಕೆ ಮೀಸಲಿಟ್ಟ ಹುಲ್ಲುಗಾವಲುಗಳೇ ಅಮೃತಮಹಲ್ ಕಾವಲುಗಳು. ಇದೂ ಒಂದು ಸೈನ್ಯದ ಯೋಜನೆಯೇ, ಸೌಕರ್ಯವೇ. ಆದರೆ ಆ ಯೋಜನೆಯಲ್ಲಿ ನೆಲ ಹುಲ್ಲಾಗಿಯೇ ಉಳಿಯಿತು, ಜಿಂಕೆ ಉಳಿಯಿತು, ಸುತ್ತಣ ಊರುಗಳ ಬದುಕು ಅದರೊಡನೆ ಹೊಂದಿಕೊಂಡು ನಡೆಯಿತು.

ನನ್ನ ಈ ತರ್ಕವನ್ನೆಲ್ಲ ಸುಬೇದಾರರ ಮುಂದೆ ಇಟ್ಟೆ. ಅವರು ಒಪ್ಪಲೂ ಇಲ್ಲ, ಅಲ್ಲಗಳೆಯಲೂ ಇಲ್ಲ. “ಮೇಷ್ಟ್ರೇ, ಹುಲ್ಲಿನ ಬಯಲೇ ನಮಗೂ ಬೇಕಾದುದು. ಗೋಡೆ ನಮಗೂ ಶತ್ರು. ಗಾಳಿ ಒಯ್ದರೆ ಗೋಡೆಗೆ ಬಡಿಯುವವನು ನಾನೇ ತಾನೆ?” ಎಂದರು. ಈ ಮಾತಿನಲ್ಲಿ ಒಂದು ಯೋಜನೆಯೇ ಇದೆ. ಇಳಿಯುವ ಬಯಲಿಗೆ ಕಟ್ಟಡ ಬೇಡ, ಬೇಲಿ ಬೇಡ, ವರ್ಷವೆಲ್ಲವೂ ಬೇಡ. ಗೊತ್ತಾದ ದಿನಗಳಲ್ಲಿ, ಗೊತ್ತಾದ ಗಂಟೆಗಳಲ್ಲಿ ಬಯಲು ಬಿಡುವಾಗಿದ್ದರೆ ಸಾಕು. ಉಳಿದ ದಿನ ಕುರಿ ಮೇಯಬಹುದು. ಮೇದ ಹುಲ್ಲು ಗಿಡ್ಡವಾಗಿದ್ದರೆ ಇಳಿಯುವವನ ಕಾಲಿಗೂ ಒಳ್ಳೆಯದು. ಗುಂಡಿನ ರೇಂಜಿಗೆ ಈ ಸೌಲಭ್ಯವಿಲ್ಲವೆಂದು ಒಪ್ಪುತ್ತೇನೆ. ಅಲ್ಲಿ ಸಿಡಿಯದ ಗುಂಡಿನ ಭಯವಿದೆ. ಅಲ್ಲಿಂದ ಜನವನ್ನು ದೂರವಿಡಲೇಬೇಕು, ದೂರವಿಟ್ಟವರಿಗೆ ಬೇರೆ ಮೇವು ಕೊಡಲೇಬೇಕು. ಅದಕ್ಕೇ ರೇಂಜುಗಳು ಕಡಮೆಯಿರಬೇಕು. ಒಂದೊಂದು ರೆಜಿಮೆಂಟಿಗೆ ಒಂದೊಂದರಂತೆ ಹಂಚದೆ ಸರದಿಯ ಮೇಲೆ ಹಲವರು ಬಳಸಬೇಕು. ಕೈ ಪಳಗಿಸುವ ಮೊದಲ ಪಾಠವನ್ನು ಗೋಡೆಯೊಳಗಿನ ರೇಂಜಿನಲ್ಲಿ, ಪರದೆಯ ಮೇಲೆ ಗುರಿ ತೋರಿಸುವ ಯಂತ್ರಗಳಲ್ಲಿ ಮುಗಿಸಬಹುದು. ಯಂತ್ರವೇ ಸಾಕೆನ್ನುವವರ ಮಾತನ್ನು ಮಾತ್ರ ನಂಬಲಾರೆ. ಪರದೆಯ ಮೇಲೆ ಈಜು ಕಲಿತವನನ್ನು ಕಲ್ಕೆರೆಗೆ ನೂಕಿದಂತಾದೀತು.

ಹಳೆಯ ಅಮೃತಮಹಲ್ ಅಧಿಕಾರಿಗಳಿಗೆ ತಿಳಿದಿದ್ದ ಇನ್ನೊಂದು ಸಂಗತಿ ಇದೆ. ಅವರು ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಬೇಸಿಗೆಯಲ್ಲಿ ಕೆರೆಯ ಮಗ್ಗುಲಿನ, ನೆರಳಿರುವ ಕಾವಲಿಗೆ ಮಂದೆ ಹೋಗುತ್ತಿತ್ತು. ಮಳೆ ಬಿದ್ದೊಡನೆ ಬೇರೆಯ ಕಡೆಗೆ. ಒಂದು ಕಾವಲು ಬರಿದಾಗಿ ಕಂಡರೆ ಮಂದೆ ಇನ್ನೊಂದರಲ್ಲಿದೆಯೆಂದು ಅರ್ಥ. ನಮ್ಮ ಕಾಲದ ಸರ್ವೆಯವರು ಓಡಾಡುವುದು ಹೆಚ್ಚಾಗಿ ಮಾರ್ಚಿಗೆ ಮುಂಚೆ, ಲೆಕ್ಕದ ವರ್ಷ ಮುಗಿಯುವ ಅವಸರದಲ್ಲಿ. ಆಗ ಚಿತ್ರದುರ್ಗದ ಸೀಮೆಯ ಹುಲ್ಲು ಒಣಗಿ, ಕುರಿಮಂದೆಗಳು ನೀರಿರುವ ಕಡೆಗೆ ವಲಸೆ ಹೋಗಿರುತ್ತವೆ. ಅವರು ಕಂಡುದನ್ನೇ ಬರೆಯುತ್ತಾರೆ: ಜನವಿಲ್ಲ, ಜಾನುವಾರಿಲ್ಲ. ಅದೇ ಸರ್ವೆಯವನು ಆಶ್ವಯುಜ ಮಾಸದಲ್ಲಿ, ಮಳೆಯ ಮರುದಿನ, ಅದೇ ಕಲ್ಲಿನ ಮೇಲೆ ದುರ್ಬೀನು ಇಟ್ಟರೆ ಅದರೊಳಗೆ ಮೊದಲು ಕಾಣುವುದು ಒಂದು ಕುರಿಯ ಮುಖ.